ಕಾರಿನ ವೀಲ್‌ಗೆ ಪೌಡರ್ ಕೋಟಿಂಗ್ ಮಾಡಿಸಿದರೆ ಮತ್ತೆ ತುಕ್ಕೇ ಹಿಡಿಯುವುದಿಲ್ಲವೇ?

‘ಒಮ್ಮೆ ಪೌಡರ್ ಕೋಟಿಂಗ್ ಮಾಡಿಸಿ, ಜೀವನಪೂರ್ತಿ ತುಕ್ಕಿನ ಚಿಂತೆ ಬಿಡಿ’, ‘ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಉಜ್ಜಿದರೆ ವೀಲ್ ಫಳಫಳ’ ಎಂಬಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ? ಕಡಿಮೆ ಖರ್ಚಿನಲ್ಲಿ ಹೆಚ್ಚು ಬಾಳುವ ದಾರಿ ಯಾವುದು? ನೋಡೋಣ.

ಹಾಸನ ತಾಲ್ಲೂಕಿನ ಕಟ್ಟಾಯದಂಥ ಕಡೆ ಕಾರು ಓಡಿಸುವವರಿಗೆ ಇದು ಬರೀ ಅಂದದ ಪ್ರಶ್ನೆಯಲ್ಲ. ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಮಳೆ, ಪೂರ್ವಕ್ಕೆ ಚನ್ನರಾಯಪಟ್ಟಣದ ಬಯಲುಸೀಮೆಯ ಧೂಳು. ಜಲ್ಲಿಕಲ್ಲು ಸಿಡಿದು ಬಣ್ಣ ಚಕ್ಕೆಯೇಳುತ್ತದೆ. ವೀಲ್‌ನ ಒಳಬದಿಗೆ ಮೆತ್ತಿದ ಕೆಸರು ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಶುರುವಾಗುವುದು ಅಲ್ಲೇ.

ಮೊದಲು ವೀಲ್ ಯಾವುದೆಂದು ತಿಳಿಯಿರಿ

ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕಿನ ವೀಲ್, ಇಲ್ಲದಿದ್ದರೆ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಉಕ್ಕಿಗೆ ಕೆಂಪು ತುಕ್ಕು ಹಿಡಿಯುತ್ತದೆ. ಅಲಾಯ್‌ಗೆ ಕೆಂಪು ತುಕ್ಕು ಬರುವುದಿಲ್ಲ, ಆದರೆ ಬಣ್ಣದ ಅಡಿಯಲ್ಲಿ ಬಿಳಿ ಪುಡಿಯಂತೆ ಸವೆತ ಹರಡಿ ಬಣ್ಣ ಉಬ್ಬುತ್ತದೆ. ಎರಡಕ್ಕೂ ಒಂದೇ ಮದ್ದು ಸಲ್ಲದು.

ಆಸಿಡ್ ಸಲಹೆ: ತಪ್ಪು

ಟಾಯ್ಲೆಟ್ ಆಸಿಡ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಕೊಳೆಯ ಜೊತೆ ಲೋಹವನ್ನೂ ತಿನ್ನುತ್ತದೆ. ಹಳೆಯ ಬಣ್ಣ ಕಿತ್ತುಹಾಕಲು ಕಾಸ್ಟಿಕ್ ಸೋಡಾ ಬಳಸುವುದೂ ಅಲಾಯ್‌ಗೆ ಅಪಾಯವೇ. ಅಲ್ಯೂಮಿನಿಯಂ ಅದರಲ್ಲಿ ಕರಗುತ್ತದೆ. ತೊಳೆಯಲು ಕಾರಿನ ಶಾಂಪೂ, ನೀರು, ಮೆತ್ತನೆಯ ಬ್ರಷ್ ಸಾಕು.

ಪೌಡರ್ ಕೋಟಿಂಗ್: ಅರ್ಧ ಸತ್ಯ

ಇಲ್ಲಿ ಬಣ್ಣದ ಪುಡಿಯನ್ನು ವಿದ್ಯುತ್ ಸೆಳೆತದಿಂದ ಲೋಹಕ್ಕೆ ಅಂಟಿಸಿ, ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಪದರ ದಪ್ಪ, ಗಟ್ಟಿ. ಉಕ್ಕಿನ ವೀಲ್‌ಗೆ ಇದು ಒಳ್ಳೆಯ ಆಯ್ಕೆ. ಆದರೆ ಕಲ್ಲೇಟಿಗೆ ಒಂದು ಕಡೆ ಪದರ ಒಡೆದರೂ ನೀರು ಒಳಗಿಳಿದು ಅಡಿಯಲ್ಲೇ ತುಕ್ಕು ಹರಡುತ್ತದೆ. ಹಾಗಾಗಿ ‘ಜೀವನಪೂರ್ತಿ’ ಎಂಬ ಮಾತು ಸುಳ್ಳು.

ಅಲಾಯ್ ವೀಲ್‌ಗೆ ಇನ್ನೊಂದು ಎಚ್ಚರಿಕೆ ಇದೆ. ಅದಕ್ಕೆ ಬಲ ಬಂದಿರುವುದು ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಶಾಖದಿಂದ. ಮತ್ತೆ ಅತಿಯಾಗಿ, ಹೆಚ್ಚು ಹೊತ್ತು ಅಥವಾ ಪದೇ ಪದೇ ಕಾಯಿಸಿದರೆ ಆ ಬಲ ಕುಗ್ಗುತ್ತದೆ. ಹೊರಗೆ ಹೊಳಪು, ಒಳಗೆ ದೌರ್ಬಲ್ಯ. ಗುಂಡಿಗೆ ಬಿದ್ದಾಗ ಬಿರುಕು ಬಿಡಬಹುದು. ಗೇಟು, ಗ್ರಿಲ್ ಬೇಯಿಸುವ ಒಲೆಗೆ ಅಲಾಯ್ ವೀಲ್ ಹಾಕಿಸುವ ಮುನ್ನ ಶಾಖ ಎಷ್ಟು, ಎಷ್ಟು ನಿಮಿಷ ಎಂದು ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಬೇಡ.

ಹಾಗಾದರೆ ಯಾವುದು ಮೇಲು?

ಸ್ಪ್ರೇ ಡಬ್ಬಿ ಎಲ್ಲಕ್ಕಿಂತ ಅಗ್ಗ. ಸಣ್ಣ ಗೀರುಗಳಿಗೆ ಸರಿ, ಆದರೆ ಪದರ ತೆಳು. ಹಾರ್ಡನರ್ ಬೆರೆಸಿ ಹೊಡೆಯುವ 2ಕೆ ಬಣ್ಣ ಕಾರಿನ ಬಾಡಿಗೆ ಬಳಸುವಂಥದ್ದೇ. ಅತಿಯಾದ ಶಾಖ ಬೇಕಿಲ್ಲ, ಆಮೇಲೆ ಕಿತ್ತುಬಂದ ಕಡೆ ಮಾತ್ರ ತಿದ್ದಬಹುದು. ಖರ್ಚು ಮತ್ತು ಬಾಳಿಕೆ ಎರಡನ್ನೂ ತೂಗಿದರೆ ಹೆಚ್ಚಿನವರಿಗೆ ಇದೇ ಸೂಕ್ತ ಎನ್ನುವುದು ನಮ್ಮ ಅಭಿಪ್ರಾಯ. ಇದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹಾನಿಕರ, ಮನೆಯಂಗಳದಲ್ಲಿ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಸಾಹಸ ಬೇಡ. ಡೈಮಂಡ್ ಕಟ್ ನೋಡಲು ಚೆಂದ. ಆದರೆ ಪ್ರತಿ ಸಲ ಲೇತ್‌ನಲ್ಲಿ ಲೋಹವನ್ನೇ ಸವೆಸುವುದರಿಂದ ಹೆಚ್ಚು ಸಲ ಮಾಡಿಸಲಾಗದು.

ಯಾವುದನ್ನು ಆರಿಸಿದರೂ ಬಾಳಿಕೆ ನಿಂತಿರುವುದು ಬಣ್ಣದ ಬ್ರಾಂಡಿನ ಮೇಲಲ್ಲ, ಅದಕ್ಕೂ ಮುಂಚಿನ ಕೆಲಸದ ಮೇಲೆ. ಟೈರ್ ಬಿಚ್ಚಿ, ತುಕ್ಕು ಪೂರ್ತಿ ತೆಗೆದು, ಎಣ್ಣೆ ಜಿಡ್ಡು ಒರೆಸಿ, ಲೋಹಕ್ಕೆ ತಕ್ಕ ಪ್ರೈಮರ್ ಹಾಕಬೇಕು. ತುಕ್ಕಿನ ಮೇಲೆ ಬಣ್ಣ ಬಳಿದರೆ ಹುಣ್ಣಿನ ಮೇಲೆ ಪೌಡರ್ ಹಚ್ಚಿದಂತೆ. ದರ ಕೇಳುವಾಗ ಈ ಕೆಲಸಗಳೂ ಬ್ಯಾಲೆನ್ಸಿಂಗ್ ಕೂಡ ಸೇರಿವೆಯೇ ಎಂದು ವಿಚಾರಿಸಿ.

ಮರೆಯಬಾರದ ಎರಡು ಮಾತು

ವೀಲ್ ನಟ್ ಕೂರುವ ಜಾಗ, ವೀಲ್‌ನ ಹಿಂಬದಿ ಹಬ್‌ಗೆ ತಾಗುವ ಜಾಗ, ಇವೆರಡಕ್ಕೂ ದಪ್ಪ ಬಣ್ಣ ಬೀಳಬಾರದು. ಓಡುತ್ತಾ ಓಡುತ್ತಾ ಆ ಪದರ ನಜ್ಜಾಗಿ ನಟ್ ಸಡಿಲವಾಗುತ್ತದೆ. ಮತ್ತೆ ಜೋಡಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ, ನಟ್‌ಗಳ ಬಿಗಿ ಮತ್ತೊಮ್ಮೆ ಪರೀಕ್ಷಿಸಿ.

ಬಿರುಕು ಬಿಟ್ಟ ವೀಲ್‌ಗೆ, ತುಕ್ಕಿನಿಂದ ಆಳವಾಗಿ ಗುಳಿ ಬಿದ್ದ ವೀಲ್‌ಗೆ ಯಾವ ಬಣ್ಣವೂ ಪರಿಹಾರವಲ್ಲ. ಅದನ್ನು ಬದಲಾಯಿಸುವುದೇ ಕೊನೆಗೆ ಅಗ್ಗ. ಮುಂದಿನ ಸಲ ‘ಒಮ್ಮೆ ಮಾಡಿಸಿ, ಮರೆತುಬಿಡಿ’ ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇಷ್ಟನ್ನು ನೆನಪಿಡಿ: ನಾಲ್ಕು ವೀಲ್‌ಗಳ ಮೇಲೆ ಕೂತಿರುವುದು ನಿಮ್ಮ ಇಡೀ ಮನೆಮಂದಿ.