ನೆಲ ಡೊಂಕಾಗಿದ್ದರೆ ನೆಲ ಸರಿ ಮಾಡಿ, ಕುಣಿಯೋರನ್ನ ಓಡಿಸಬೇಡಿ

ಯಾರೋ ಹೊಸಬರು ಗೊಡೊ ಎಂಜಿನ್ನಿನಲ್ಲಿ ಮೊದಲ ಗೇಮ್ ಬರೆದರು ಅಂತಿಟ್ಟುಕೊಳ್ಳಿ. ಒಂದು ಬೊಂಬೆ ಓಡುತ್ತೆ, ನೆಗೆಯುತ್ತೆ, ನಾಲ್ಕಾರು ಶತ್ರುಗಳು ಅಟ್ಟಿಸಿಕೊಂಡು ಬರ್ತಾರೆ. ಖುಷಿಯಾಗಿ ಹತ್ತು ಜನಕ್ಕೆ ತೋರಿಸಿದರೆ ಅದರಲ್ಲಿ ಒಬ್ಬ ದೊಡ್ಡಣ್ಣ ಸಿಕ್ಕೇ ಸಿಗ್ತಾನೆ. "ಜಿಡಿಸ್ಕ್ರಿಪ್ಟಾ? ಅದು ಮಕ್ಕಳಾಟಿಕೆ ಮಾರಾಯ, ಬಲು ನಿಧಾನ. ಮೊದಲು ಸಿ ಪ್ಲಸ್ ಪ್ಲಸ್ ಕಲ್ತುಕೋ, ಆಮೇಲೆ ಗೇಮು."

ಮುಗೀತು. ಆ ಹುಡುಗನೋ ಹುಡುಗಿಯೋ ಸಿ ಪ್ಲಸ್ ಪ್ಲಸ್‌ನ ಪಾಯಿಂಟರುಗಳಲ್ಲಿ ಎರಡು ವಾರ ಒದ್ದಾಡಿ ಲ್ಯಾಪ್‌ಟಾಪ್ ಮುಚ್ಚಿಡ್ತಾರೆ. ದೊಡ್ಡಣ್ಣ ಮಾತ್ರ ಇನ್ನೊಬ್ಬರಿಗೆ ಉಪದೇಶ ಮಾಡೋಕೆ ಹೊರಡ್ತಾನೆ :-)

ಅವನ ಲೆಕ್ಕ ತಪ್ಪು ಅಂತ ನಾನು ಹೇಳ್ತಿಲ್ಲ. ಹತ್ತು ಲಕ್ಷ ಸಲ ಎರಡು ಸಂಖ್ಯೆ ಕೂಡಿಸೋ ಓಟದಲ್ಲಿ ಸಿ ಪ್ಲಸ್ ಪ್ಲಸ್ ಗೆಲ್ಲುತ್ತೆ, ಭಾರೀ ಅಂತರದಲ್ಲೇ ಗೆಲ್ಲುತ್ತೆ. ತಕರಾರು ಇರೋದು ಅಲ್ಲಿಂದ ಅವನು ಹಾರುವ ತೀರ್ಮಾನದ ಬಗ್ಗೆ. 'ನಿಧಾನ, ಆದ್ದರಿಂದ ಬಿಟ್ಟುಬಿಡು'. ಯಾಕೆ ಸ್ವಾಮಿ? 'ನಿಧಾನ, ಆದ್ದರಿಂದ ಚುರುಕು ಮಾಡೋಣ' ಅಂತ ಯಾಕಾಗಬಾರದು?

ಮೊದಲು ಗೇಮಿನಲ್ಲಿ ಸಮಯ ಹೋಗೋದು ಎಲ್ಲಿ ಅಂತ ನೋಡೋಣ. ಸೆಕೆಂಡಿಗೆ 60 ಚಿತ್ರ ಬೇಕು ಅಂದ್ರೆ ಒಂದೊಂದು ಚಿತ್ರಕ್ಕೆ ಸಿಗೋದು ಸುಮಾರು 16.67 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಚಿತ್ರ ಬಿಡಿಸೋದು, ಡಿಕ್ಕಿ ಲೆಕ್ಕ ಹಾಕೋದು, ಸದ್ದು ಬೆರೆಸೋದು ಇವೆಲ್ಲ ಗೊಡೊ ಒಳಗೆ ಸಿ ಪ್ಲಸ್ ಪ್ಲಸ್‌ನಲ್ಲೇ ನಡೆಯುತ್ತೆ. ಕಲಿಯುವವರ ಜಿಡಿಸ್ಕ್ರಿಪ್ಟ್ ಮಾಡೋದು ಹೆಚ್ಚಾಗಿ ಯಜಮಾನಿಕೆ: ನೀನು ಎಡಕ್ಕೆ ಹೋಗು, ನೀನು ಗುಂಡು ಹಾರಿಸು, ಒಂದು ಜೀವ ಕಮ್ಮಿ ಮಾಡು. ಹೇಳೋಕೆ ಎಷ್ಟು ಹೊತ್ತು ಬೇಕು?

ಇನ್ನು ನಿಜವಾಗಲೂ ತೆವಳುವ ಗೇಮುಗಳ ಕಥೆ. ಸಾವಿರ ಶತ್ರುಗಳಿದ್ದಾರೆ, ಪ್ರತಿಯೊಬ್ಬನೂ ಪ್ರತಿ ಚಿತ್ರಕ್ಕೂ ಉಳಿದವರೆಲ್ಲರ ದೂರ ಅಳೀತಾನೆ ಅನ್ನಿ. 9,99,000 ಅಳತೆ ಆಯ್ತು. ಸೆಕೆಂಡಿಗೆ ಆರು ಕೋಟಿ ಹತ್ತಿರ! ಭಾಷೆ ಹತ್ತು ಪಟ್ಟು ಚುರುಕಾಯ್ತು ಅಂದುಕೊಳ್ಳಿ, ಶತ್ರುಗಳನ್ನ ಮೂರು ಪಟ್ಟು ಮಾಡಿದರೆ ಕೆಲಸ ಒಂಬತ್ತು ಪಟ್ಟಾಗಿ ಹೆಚ್ಚೂಕಡಿಮೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತೆ. ಅದೇ ಮೈದಾನವನ್ನ ಚೌಕಗಳಾಗಿ ಹಂಚಿ, ಅಕ್ಕಪಕ್ಕದ ಚೌಕದಲ್ಲಿ ಇರೋರನ್ನ ಮಾತ್ರ ಅಳೆದರೆ ಲಕ್ಷಗಳು ಸಾವಿರಗಳಿಗೆ ಇಳೀಬಹುದು. ಇದನ್ನ ಹೇಳಿಕೊಡೋಕೆ ಅರ್ಧ ಗಂಟೆ ಸಾಕು. ಭಾಷೆ ಬದಲಿಸು ಅನ್ನೋದಕ್ಕೆ ಅರ್ಧ ನಿಮಿಷ ಸಾಕು, ಅದಕ್ಕೇ ಎಲ್ಲರೂ ಅದನ್ನೇ ಹೇಳ್ತಾರೆ. ಪರದೆ ತುಂಬ ಶತ್ರುಗಳು ಮುಗಿಬೀಳುವ ಬ್ರೊಟಾಟೊ ಆಟ 2023ರಲ್ಲಿ ಪೂರ್ತಿಯಾಗಿ ಬಿಡುಗಡೆ ಆಯ್ತಲ್ಲ, ಅದನ್ನ ಮಾಡಿದ್ದು ಇದೇ ಗೊಡೊದಲ್ಲಿ, ಇದೇ 'ಆಟಿಕೆ' ಭಾಷೆಯಲ್ಲಿ.

ಎರಡನೇ ಮಾತು. ಭಾಷೆ ಬೇರೆ, ಅದನ್ನ ಓಡಿಸುವ ಯಂತ್ರ ಬೇರೆ. ಸ್ಕ್ರ್ಯಾಚ್ ನೋಡಿ. ಎಂಐಟಿಯವರು 2007ರಲ್ಲಿ ಬಿಟ್ಟಾಗ ಅದರ ಹೊಟ್ಟೆಯಲ್ಲಿ ಇದ್ದದ್ದು ಸ್ಕ್ವೀಕ್. 2013ರಲ್ಲಿ ಫ್ಲ್ಯಾಶ್ ಬಂತು. 2019ರಲ್ಲಿ ಜಾವಾಸ್ಕ್ರಿಪ್ಟ್. ಮಗು ಜೋಡಿಸುವ ಬಣ್ಣದ ತುಂಡುಗಳ ಹದ ಮಾತ್ರ ಅದೇ. ಇನ್ನೊಂದಷ್ಟು ಜನ ಟರ್ಬೋವಾರ್ಪ್ ಅಂತ ಮಾಡಿ, ಅದೇ ತುಂಡುಗಳನ್ನ ನೇರವಾಗಿ ಜಾವಾಸ್ಕ್ರಿಪ್ಟಿಗೆ ಕಂಪೈಲ್ ಮಾಡಿದರು. ಲೆಕ್ಕ ಹೆಚ್ಚಿರುವ ಪ್ರಾಜೆಕ್ಟುಗಳು ಕುದುರೆ ಥರ ಓಡೋಕೆ ಶುರುವಾದವು. ಮಗು ಒಂದು ತುಂಡನ್ನೂ ಅಲುಗಾಡಿಸಬೇಕಾಗಿರಲಿಲ್ಲ. ಹಾಗಾದ್ರೆ ಮೊದಲು ನಿಧಾನ ಇದ್ದದ್ದು ಯಾರು?

ಕನ್ನಡದಲ್ಲಿ ಟೈಪಿಸುವ ನಮಗಂತೂ ಇದು ಬೇಗ ಅರ್ಥ ಆಗಬೇಕು. ಒತ್ತಕ್ಷರ ಒಡೆದು ಪರದೆ ಮೇಲೆ ಚೌಕ ಚೌಕ ಡಬ್ಬಿ ಕಂಡಾಗ ತಪ್ಪು ಕನ್ನಡದ್ದಾಗಿರಲಿಲ್ಲ, ಅಕ್ಷರ ಜೋಡಿಸುವ ತಂತ್ರಾಂಶದ್ದಾಗಿತ್ತು. ತಂತ್ರಾಂಶ ಸರಿ ಮಾಡಿದರು. ಕನ್ನಡ ಬಿಡಿ ಅಂದವರೂ ಇದ್ದರು, ನಾವು ಬಿಡಲಿಲ್ಲ.

ಜಿಡಿಸ್ಕ್ರಿಪ್ಟ್ ಕಥೆಯೂ ಹೀಗೇ. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮನ್ಜುರ್ ಕಟ್ಟಿದ ಎಂಜಿನ್ ಇದು, 2014ರಲ್ಲಿ ಎಂಐಟಿ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಲುವಾ, ಪೈಥಾನ್, ಸ್ಕ್ವಿರಲ್ ಎಲ್ಲ ಹಾಕಿ ನೋಡಿ, ಸರಿಹೋಗದೆ ತಮ್ಮದೇ ಭಾಷೆ ಮಾಡಿಕೊಂಡರು. ಆಟದ ಮಧ್ಯೆ ಕಸ ಗುಡಿಸ್ತೀನಿ ಅಂತ ನಿಂತುಬಿಡುವ ಗಾರ್ಬೇಜ್ ಕಲೆಕ್ಟರ್ ಅದರಲ್ಲಿಲ್ಲ. ಅಂದ್ರೆ ವೇಗದ ಚಿಂತೆ ಮೊದಲಿಂದಲೂ ಇತ್ತು.

2019ರ ಮಾರ್ಚಿನಲ್ಲಿ ಬಂದ 3.1ರಲ್ಲಿ, ಬೇಕಿದ್ದರೆ ಟೈಪ್ ಬರೆಯಬಹುದು ಅಂದರು. ಆದರೆ ಬರೆದರೂ ಆಗ ವೇಗ ಏನೂ ಹೆಚ್ಚಲಿಲ್ಲ, ತಪ್ಪು ಹಿಡಿಯೋಕೆ ಮಾತ್ರ ಉಪಯೋಗ. 2023ರ ಮಾರ್ಚಿನ 4.0ಕ್ಕೆ ಭಾಷೆಯ ಒಳಗನ್ನೇ ಹೊಸದಾಗಿ ಬರೆದರು. ಆಗ ಟೈಪ್ ಗೊತ್ತಿದ್ದ ಕಡೆ ಬೇರೆ ಹತ್ತಿರದ ದಾರಿ ಸಿಕ್ತು. ದರ್ಶಿನಿಯಲ್ಲಿ ದಿನಾ ಇಡ್ಲಿ ತಿನ್ನೋ ಗಿರಾಕಿಯನ್ನ ಪ್ರತಿ ದಿನ 'ಏನ್ ಸಾರ್ ಬೇಕು' ಅಂತ ಕೇಳೋದಿಲ್ಲ, ನೋಡಿದ ಕೂಡಲೇ ಪ್ಲೇಟು ಇಡ್ತಾರಲ್ಲ, ಹಾಗೆ. ಟೈಪ್ ಗೊತ್ತಿಲ್ಲದಿದ್ದರೆ ಕೂಡುವ ಪ್ರತಿ ಸಲ 'ಇದು ಪೂರ್ಣಾಂಕವೋ, ದಶಮಾಂಶವೋ, ಅಕ್ಷರಮಾಲೆಯೋ' ಅಂತ ವಿಚಾರಿಸಬೇಕು. ಗೊತ್ತಿದ್ದರೆ ನೇರ ಕೂಡಿಸೋದೇ. ಬರೆಯುವವರ ಖರ್ಚು ಎಷ್ಟು? ಸಮ ಚಿಹ್ನೆಯ ಹಿಂದೆ ಒಂದು ಕೋಲನ್! ಟೈಪ್ ಯಾವುದು ಅಂತ ಅದೇ ಊಹಿಸಿಕೊಳ್ಳುತ್ತೆ.

ಈಗ ಇನ್ನೊಂದು ಗುಂಪಿನ ಕಡೆ ತಿರುಗೋಣ. ಇವರು ಮೆದು ಮಾತಿನವರು. "ಕಲಿಯೋರಿಗೆ ವೇಗ ಯಾಕೆ ಬಿಡಿ, ಅರ್ಥ ಆದರೆ ಸಾಕು" ಅಂತಾರೆ. ದೊಡ್ಡಣ್ಣನಿಗಿಂತ ಇವರ ಮೇಲೆ ನನಗೆ ಕೋಪ ಜಾಸ್ತಿ. ಒಳ್ಳೇ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಇರೋನಿಗೆ ನಿಧಾನ ಭಾಷೆಯೂ ವೇಗವಾಗೇ ಕಾಣುತ್ತೆ. ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ ಕಲಿಯೋರಿಗೆ, ಗೆಳತಿಯ ಅಗ್ಗದ ಫೋನಿನಲ್ಲಿ ಆಟ ಓಡಿಸಿ ತೋರಿಸಬೇಕಾದವರಿಗೆ ಆ 16.67 ಮಿಲಿಸೆಕೆಂಡು ಬಹಳ ಮುಖ್ಯ. ಬೊಂಬೆ ತಡವರಿಸಿದರೆ ಅವರು 'ಭಾಷೆ ನಿಧಾನ' ಅಂದುಕೊಳ್ಳಲ್ಲ. 'ನನಗೆ ಬರಲ್ಲ' ಅಂದುಕೊಳ್ತಾರೆ. ಹೋಗೋದು ಗೇಮಲ್ಲ, ಧೈರ್ಯ.

ಹಾಗಾಗಿ ನನ್ನ ವಾದ ಇಷ್ಟೇ. ಸುಲಭದ ಭಾಷೆಗೆ ವೇಗ ಬೇಕೇ ಬೇಕು, ಆದರೆ ಅದರ ಭಾರ ಹೊರಬೇಕಾದ್ದು ಭಾಷೆ ಕಟ್ಟುವವರು, ಕಲಿಯುವವರಲ್ಲ. ಜೆಐಟಿ, ಎಓಟಿ ಕಂಪೈಲೇಶನ್ ಮುಂದೆ ಮಾಡುವ ಯೋಚನೆ ಇದೆ ಅಂತ ಗೊಡೊ ಕೈಪಿಡಿಯಲ್ಲೇ ಬರೆದಿದ್ದಾರೆ. ಮಾಡಲಿ. ಕಾಯೋಣ, ಕೇಳೋಣ, ಕೈಲಾದವರು ಕೈಜೋಡಿಸೋಣ, ಹೇಗೂ ಮುಕ್ತ ತಂತ್ರಾಂಶ. ಪಾಠ ಬರೆಯುವವರು ಆ ಒಂದು ಕೋಲನ್ನನ್ನ ಮೊದಲ ಪಾಠದಲ್ಲೇ ರೂಢಿ ಮಾಡಿಸಲಿ, ಪ್ರೊಫೈಲರ್ ತೆಗೆದು ಸಮಯ ಎಲ್ಲಿ ಸೋರ್ತಿದೆ ಅಂತ ನೋಡೋದು ಕಲಿಸಲಿ.

ಸಿ ಪ್ಲಸ್ ಪ್ಲಸ್ ಬೇಕಾಗೋದೇ ಇಲ್ವಾ? ಬೇಕಾಗುತ್ತೆ. ಲಕ್ಷಾಂತರ ಚಿಕ್ಕ ಚೌಕಗಳಿಂದ ಬೆಟ್ಟಗುಡ್ಡ ಕಟ್ಟೋದು, ಚಿತ್ರದ ಒಂದೊಂದೇ ಪಿಕ್ಸೆಲ್ ತಿದ್ದೋದು, ಇಂಥ ಕಡೆ ಆ ಒಂದು ಭಾಗವನ್ನಷ್ಟೇ ಅದರಲ್ಲಿ ಬರೆದು ಜೋಡಿಸೋಕೆ ಗೊಡೊದಲ್ಲಿ ದಾರಿ ಇದೆ. ಅಷ್ಟು ದೂರ ನಡೆದು ಬಂದವರು ತಾವಾಗೇ ಕಲೀತಾರೆ. ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಬೇಕಾಗಿಲ್ಲ.

ಮುಂದಿನ ಸಲ ಯಾರಾದರೂ ತಮ್ಮ ಮೊದಲ ಗೇಮ್ ತೋರಿಸಿದರೆ, ಯಾವ ಭಾಷೆ ಅಂತ ಕೇಳೋ ಮುಂಚೆ ಒಂದು ಸಲ ಆಡಿ ನೋಡಿ. ಏನಂತೀರಿ?