ಔಷಧ ಗಡ್ಡೆಯನ್ನು ತಲುಪಿತೇ?

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಸುಮಾರು 300 ಕಿ.ಮೀ. ದೂರ. ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಕ್ಯಾನ್ಸರ್ ರೋಗಿಯ ದಾರಿ ಬದಲಾಗಲಿಲ್ಲ. ಸ್ತನ ಕ್ಯಾನ್ಸರ್ ಹರಡಿದ ಬಡ ಮಹಿಳೆಯೊಬ್ಬಳು ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದಿಗಾಗಿ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು. ಪ್ರತಿ ಸಲವೂ ಕೂಲಿ ನಷ್ಟ, ಬಸ್ ಚಾರ್ಜು, ಜೊತೆಗೊಬ್ಬರು. ಹೀಗಿರುವಾಗ ಆ ಔಷಧ ಗಡ್ಡೆಯನ್ನು ತಲುಪುತ್ತಿದೆಯೇ ಎಂದು ಕೇಳುವುದು ಕೇವಲ ವೈಜ್ಞಾನಿಕ ಕುತೂಹಲವಲ್ಲ.

ಟ್ರಾಸ್ಟುಜುಮ್ಯಾಬ್ ಗುರಿನಿರ್ದೇಶಿತ ಔಷಧ. ಕ್ಯಾನ್ಸರ್ ಕೋಶದ ಮೇಲಿನ ಹರ್‌-2 ಎಂಬ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವಿದು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಜೈವಿಕ ಸಮಾನ ರೂಪವನ್ನು ಮಾರುಕಟ್ಟೆಗೆ ತಂದಿತು. ಆದರೆ ಗುರಿ ಇದ್ದ ಮಾತ್ರಕ್ಕೆ ಬಾಣ ನಾಟಬೇಕೆಂದಿಲ್ಲ. ಗಡ್ಡೆಯೊಳಗಿನ ರಕ್ತನಾಳಗಳು ವಕ್ರವಾಗಿದ್ದು ಸೋರುತ್ತವೆ, ಒಳಗಿನ ದ್ರವದ ಒತ್ತಡ ಔಷಧವನ್ನು ಹೊರದಬ್ಬುತ್ತದೆ. ಕಾನ್ಪುರ ಐಐಟಿಯಲ್ಲಿ ಓದಿದ ವಿಜ್ಞಾನಿ ರಾಕೇಶ್ ಜೈನ್ ಅಮೆರಿಕದಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ್ದು ಈ ತಡೆಗಳನ್ನೇ. ಇದಲ್ಲದೆ, ಬಯಾಪ್ಸಿ ಹೇಳುವುದು ಒಂದು ತುಣುಕಿನ ಕಥೆ ಮಾತ್ರ. ಯಕೃತ್ತಿಗೋ ಮೂಳೆಗೋ ಹರಡಿದ ಗಡ್ಡೆಯ ಸ್ವಭಾವ ಬೇರೆಯೇ ಇರಬಹುದು.

ಇದನ್ನು ಕಣ್ಣಾರೆ ಕಾಣುವ ವಿಧಾನವಿದೆ. ಪ್ರತಿಕಾಯಕ್ಕೆ ಜಿರ್ಕೋನಿಯಂ-89 ಎಂಬ ವಿಕಿರಣಶೀಲ ಧಾತುವನ್ನು ಅಲ್ಪ ಪ್ರಮಾಣದಲ್ಲಿ ಜೋಡಿಸಿ ದೇಹಕ್ಕೆ ನೀಡಿ, ಕೆಲವು ದಿನಗಳ ನಂತರ ಪೆಟ್ ಸ್ಕ್ಯಾನ್ ಮಾಡಲಾಗುತ್ತದೆ. ಪ್ರತಿಕಾಯ ದೊಡ್ಡ ಅಣು, ಗಡ್ಡೆ ಸೇರಲು ದಿನಗಳೇ ಬೇಕು. ಸಾಮಾನ್ಯ ಪೆಟ್ ಸ್ಕ್ಯಾನಿನ ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಜಿರ್ಕೋನಿಯಂ-89ರದು ಸುಮಾರು 78 ಗಂಟೆ. 2016ರಲ್ಲಿ ಪ್ರಕಟವಾದ, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಹರ್‌-2 ಇದೆಯೆಂದು ಪರೀಕ್ಷೆಯಲ್ಲಿ ಖಚಿತವಾಗಿದ್ದ 56 ರೋಗಿಗಳ ಪೈಕಿ 16 ಮಂದಿಯ ಚಿತ್ರಗಳಲ್ಲಿ ಗಡ್ಡೆಗಳು ಪ್ರತಿಕಾಯವನ್ನು ಸಾಕಷ್ಟು ಹೀರಿಕೊಂಡಿರಲಿಲ್ಲ.

ಮ್ಯಾಮೊಗ್ರಫಿಯೇ ಕೈಗೆಟುಕದ ತಾಲ್ಲೂಕುಗಳಿರುವ ನಾಡಿಗೆ ಇಂಥ ದುಬಾರಿ ತಂತ್ರವೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆರಂಭಿಕ ಪತ್ತೆಗೇ ಮೊದಲ ಆದ್ಯತೆ ಸಲ್ಲಬೇಕು, ಅದರ ಹಣವನ್ನು ಇದಕ್ಕೆ ತಿರುಗಿಸಕೂಡದು. ಈ ವಿಧಾನ ಇನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ ಎಂಬುದೂ ನಿಜ. ಆದರೆ ತಲುಪದ ಔಷಧಕ್ಕೆ ಸುರಿದ ಹಣ ಅದಕ್ಕಿಂತ ದುಬಾರಿ. ಅದಕ್ಕಿಂತಲೂ ದುಬಾರಿಯಾದದ್ದು, ಬೇರೆ ಚಿಕಿತ್ಸೆ ಪಡೆಯಬಹುದಾಗಿದ್ದ ತಿಂಗಳುಗಳು.

ಆದ್ದರಿಂದ ಸರ್ಕಾರ ಕಿದ್ವಾಯಿಯಂಥ ಸಾರ್ವಜನಿಕ ಸಂಸ್ಥೆಯಲ್ಲಿ ಸೀಮಿತ ಅಧ್ಯಯನವೊಂದನ್ನು ಆರಂಭಿಸಲಿ. ಅದರಲ್ಲಿ ದೂರದ ತಾಲ್ಲೂಕುಗಳ ರೋಗಿಗಳೂ ಇರಲಿ, ಅವರ ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಯೋಜನೆಯೇ ಭರಿಸಲಿ. ಚಿತ್ರದಿಂದ ಎಷ್ಟು ಚಿಕಿತ್ಸೆಗಳು ಬದಲಾದವು, ಎಷ್ಟು ಹಣ ಉಳಿಯಿತು ಎಂಬ ಲೆಕ್ಕ ಬಹಿರಂಗವಾಗಲಿ. ಫಲವಿಲ್ಲವೆಂದು ತಿಳಿದರೆ ಕೈಬಿಡಬಹುದು. ಔಷಧವನ್ನು ಇಲ್ಲೇ ತಯಾರಿಸಬಲ್ಲ ನಾಡಿಗೆ, ಅದು ಎಲ್ಲಿ ತಲುಪಿತೆಂದು ನೋಡುವ ಹೊಣೆಯೂ ಇದೆ.