ಹಾಡು ಹಚ್ಚಿ ಸದ್ದು ಮುಚ್ಚಬ್ಯಾಡ್ರಿ

ನಮ್ಮ ಮನಿ ಕಾರಿಗೆ ಈಗ 11 ವರ್ಷ. ನಾವು ತಗೊಂಡಾಗನ ಅದಕ್ಕ ಆರು ವರ್ಷ ಆಗಿತ್ತು. ನಾವಿರೋದು ರಾಯಚೂರಾಗ, ತವರುಮನಿ ದೇವದುರ್ಗದ ಕಡಿ ಒಂದು ಹಳ್ಳಿ, ತಂಗೀನ ಕೊಟ್ಟಿದ್ದು ಮಾನ್ವಿಗೆ. ಹಿಂಗಾಗಿ ತಿಂಗಳಾಗ ನಾಕು ಸಲನಾದ್ರೂ ಗಾಡಿ ಈ ಮೂರು ಊರು ಸುತ್ತತೈತಿ. ಸುತ್ತಿ ಸುತ್ತಿ ಅದು ಮಾತಾಡೋದು ಕಲೀತು. ಮೊದಲ ಡ್ಯಾಶ್‌ಬೋರ್ಡ್ ಕಿರ್ ಅಂತು. ಆಮ್ಯಾಲೆ ಹಿಂದಿನ ಬಾಗಲ ಕಟಕಟ ಅಂತು. ಆಮ್ಯಾಲೆ ಡಿಕ್ಕಿ ಗಡಗಡ ಅನ್ನಾಕತ್ತು. ನಮ್ಮ ಮನಿಯವ್ರು ಎಲ್ಲಾ ಸದ್ದಿಗೂ ಒಂದ ಔಷಧ ಕಂಡುಹಿಡದಿದ್ರು. ಹಾಡಿನ ಸೌಂಡು ಇನ್ನಷ್ಟು ಏರಸೋದು.

ಆ ಔಷಧ ತಪ್ಪು ಅಂತ ಹೇಳಾಕ ಇದನ್ನ ಬರಿಯಾಕತ್ತೀನಿ. ನಾನೂ ಭಾಳ ದಿನ ಅದನ್ನ ಕುಡದಾಕಿನ, ಅದಕ್ಕ ಹೇಳೋ ಹಕ್ಕು ಐತಿ ಅನ್ಕೋತೀನಿ.

ಹೋದ ವರ್ಷ ತಂಗಿ ಮಗಳ ತೊಟ್ಟಿಲ ಕಾರ್ಯಕ್ಕ ಅವ್ವನ್ನ ಕರಕೊಂಡು ಮಾನ್ವಿಗೆ ಹೊಂಟಿದ್ವಿ. ರಾಯಚೂರಿಂದ ಮಾನ್ವಿ ಸುಮಾರು 45 ಕಿಲೋಮೀಟರ್. ಹಿಂದಿನ ದಿನ ಪಂಕ್ಚರ್ ಆಗಿ ಹಿಂದಿನ ಗಾಲಿ ಬಿಚ್ಚಿಸಿ ಹಾಕಿಸಿದ್ವಿ. ಗಾಲಿ ಬಿಚ್ಚೋ ಪಾನಾನ ಅದರ ಜಾಗಕ್ಕ ಇಡಲಾರದ ಡಿಕ್ಕ್ಯಾಗ ಹಂಗ ಒಗದಿದ್ವಿ. ಊರು ದಾಟಿ ಹದಿನೈದು ಕಿಲೋಮೀಟರ್ ಆಗಿರಬೇಕು, ಹಿಂದಿನಿಂದ ಟಕ್ ಟಕ್ ಅಂತ ಶುರು ಆತು. "ಅದ ಪಾನಾ ಬಡಿಯಾಕತ್ತೈತಿ ತಗೋ" ಅಂದ್ರು ಮನಿಯವ್ರು. ನಾನೂ ಹೌದು ಅಂದೆ. ಹಾಡು ಏರಿತು.

ನೀರಮಾನ್ವಿ ಹತ್ರ ಬರೋದ್ರಾಗ ಹಿಂದ ಕುಂತಿದ್ದ ಅವ್ವ ನನ್ನ ಭುಜ ಹಿಡದು ಅಲುಗಾಡಿಸಿದ್ಲು. "ಯವ್ವಾ, ನಿಲ್ಸಂತ ಹೇಳು. ನನ್ನ ಬುಡಕ ಏನೋ ಬಡಿಯಾಕತ್ತೈತಿ, ಗಾಡಿ ಓಲಾಡಾಕತ್ತೈತಿ." ಇಳದು ನೋಡಿದ್ವಿ. ಗಾಲಿಗೆ ನಾಕು ನಟ್. ಒಂದು ಬಿದ್ದು ಹೋಗಿತ್ತು, ಎರಡು ಬೆರಳಿಲೆ ತಿರುಗ್ತಿದ್ವು. ಉಳದ ಒಂದು ನಟ್ಟಿನ ಮ್ಯಾಲೆ ನಾವು ನಾಕು ಮಂದಿ ಹೊಂಟಿದ್ವಿ, ನನ್ನ ತೊಡಿಮ್ಯಾಲೆ ಮಗ ಮಲಗಿದ್ದ. ಪಂಕ್ಚರ್ ಹಾಕಿದ ಹುಡುಗ ಬಿಗಿ ಮಾಡೋದು ಮರತಿದ್ದ, ನಾವು ನೋಡೋದು ಮರತಿದ್ವಿ. ಡಿಕ್ಕ್ಯಾಗಿನ ಅದ ಪಾನಾ ತಗದು ಇದ್ದ ನಟ್ ಬಿಗಿ ಮಾಡಿ, ಆಳು ನಡದಂಗ ಮೆಲ್ಲಕ ಮಾನ್ವಿ ಮುಟ್ಟಿ, ಮೊದಲ ಮಿಸ್ತ್ರಿಗೆ ತೋರಿಸಿ ಆಮ್ಯಾಲೆ ತೊಟ್ಟಿಲ ಮನಿಗೆ ಹೋದ್ವಿ. ದಾರಿಯಾಗ ಅವ್ವ ಒಂದ ಮಾತು ಅಂದ್ಲು. "ನಿಮ್ಮಪ್ಪ ಬಂಡಿ ಕಿರ್ ಅಂದ್ರ ಇಳದು ನೋಡತಿದ್ದ. ನೀವು ಹಾಡು ಹಚ್ಚತೀರಿ."

ಆ ಮಾತು ನನಗ ಇನ್ನೂ ಚುಚ್ಚತೈತಿ, ಯಾಕಂದ್ರ ಖರೇ ಐತಿ. ಅಪ್ಪನ ಬಂಡಿ ಕೆಳಗ ಬಿದಿರ ಗೊಟ್ಟದಾಗ ಕೀಲೆಣ್ಣಿ ಯಾವಾಗಲೂ ತೂಗ್ತಿತ್ತು. ಅಚ್ಚು ಕಿರ್ ಅಂದ್ರ ಕೀಲು ತಗದು, ಗಾಲಿ ಸರಿಸಿ, ಎಣ್ಣಿ ಹಚ್ಚಿ ಹೊಂಡತಿದ್ದ. ಎತ್ತಿಗೆ ಎಳಿಯಾಕ ಭಾರ ಆಗ್ತೈತಿ, ಅಚ್ಚು ಸವೀತೈತಿ ಅಂತ ಅವಗ ಗೊತ್ತಿತ್ತು. ಸದ್ದು ಅಂದ್ರ ಅವಗ ಕಿರಿಕಿರಿ ಅಲ್ಲ, ಸುದ್ದಿ. ನಾವೂ ಮನ್ಯಾಗ ಹಂಗ ಅಲ್ಲೇನ್ರಿ? ಕುಕ್ಕರ್ ಸೀಟಿ ಕೇಳಿನ ಬ್ಯಾಳಿ ಬೆಂದೈತೋ ಇಲ್ಲೋ ಹೇಳತೀವಿ. ಮಿಕ್ಸರ್ ಸದ್ದು ಬದಲಾದ್ರ ಕೈ ತಾನ ಬಟನ್‌ಗೆ ಹೋಗತೈತಿ. ಅಂಥಾ ಕಿವಿ ಇದ್ದವ್ರು ಕಾರಾಗ ಕುಂತ ಕೂಡ್ಲೇ ಕಿವುಡಾಗತೀವಿ.

ನಾ ಹೇಳೋದು ಇಷ್ಟ. ಸಣ್ಣ ಸದ್ದು ತಗೀಬೇಕಾಗಿದ್ದು ಸುಖಕ್ಕಷ್ಟ ಅಲ್ಲ. ಗಾಡಿ ತುಂಬ ಹತ್ತು ಬಡಬಡಿಕಿ ಸದ್ದು ಇದ್ರ ಹನ್ನೊಂದನೇದು ಅಪಾಯದ ಸದ್ದು ಬಂದಾಗ ಕೇಳಸೂದಿಲ್ಲ, ಕೇಳಿಸಿದ್ರೂ ನಾವು ನಂಬೂದಿಲ್ಲ. ಪಾನಾ ಡಿಕ್ಕ್ಯಾಗ ಬಟ್ಟಿ ಸುತಗೊಂಡು ತನ್ನ ಜಾಗದಾಗ ಇದ್ದಿದ್ರ ಆ ಟಕ್ ಟಕ್ ಏನಂತ ಅವತ್ತ ಹುಡುಕತಿದ್ವಿ.

"ಹಳೇ ಗಾಡಿ, ಸದ್ದು ಇರೋದ" ಅಂತಾರ ಮಂದಿ. ಹಳೇದು ಹೌದು, ಆದ್ರ ವಯಸ್ಸು ಅಷ್ಟ ಕಾರಣ ಅಲ್ಲ. ನಮ್ಮ ಸೀಮಿದ ಮೂರು ಕಾರಣ ಅದಾವ. ಒಂದು, ಎರಿ ಮಣ್ಣು. ಮಳಿ ಬಂದ್ರ ಉಬ್ಬತೈತಿ, ಬ್ಯಾಸಗಿಗೆ ಕಾಲು ಸಿಗಬೀಳೋ ಅಷ್ಟು ಬಿರಿತೈತಿ. ಅದರ ಮ್ಯಾಲಿನ ಡಾಂಬರ್ ಎಷ್ಟು ಚಂದ ಹಾಕಿದ್ರೂ ಕೆಲವು ವರ್ಷದಾಗ ತೆರಿ ತೆರಿ ಆಗತೈತಿ. ಮ್ಯಾಲೆ ಭತ್ತದ, ಹತ್ತಿಯ ಲೋಡಿನ ಟ್ರ್ಯಾಕ್ಟರ್. ಎರಡು, ಬಿಸಲು. ಏಪ್ರಿಲ್, ಮೇನಾಗ ಇಲ್ಲಿ 40 ಡಿಗ್ರಿ ದಾಟೋದು ಹೊಸಾದಲ್ಲ. ನಿಂತ ಗಾಡಿ ಒಳಗ ಅದಕ್ಕಿಂತ ಭಾಳ. ಪ್ಲಾಸ್ಟಿಕ್ ಹಿಗ್ಗತೈತಿ, ರಾತ್ರಿ ಕುಗ್ಗತೈತಿ, ಬಾಗಲದ ರಬ್ಬರ್ ಒಣಗಿ ಬಿರುಸಾಗತೈತಿ. ಮೂರು, ಧೂಳಿ. ಸಂದಿ ಸಂದಿಗೆ ಹೊಕ್ಕು ಉಪ್ಪಿನ ಕಾಗದದಂಗ ಉಜ್ಜತೈತಿ. ಮುಂಜಾನಿ ಇಲ್ಲದ ಸದ್ದು ಮಧ್ಯಾಹ್ನ ಬರೋದು ಇದಕ್ಕ.

ಸದ್ದಿನಾಗ ಎರಡು ಜಾತಿ. ಕಿರ್ ಕಿರ್ ಅನ್ನೋದು ಉಜ್ಜೋ ಸದ್ದು. ಎರಡು ಸಾಮಾನು ಒಂದಕ್ಕೊಂದು ಒತ್ತಿಕೊಂಡು, ಹಿಡದು ಬಿಟ್ಟು, ಹಿಡದು ಬಿಟ್ಟು ಜಾರತಾವ. ಗಡಗಡ, ಕಟಕಟ ಅನ್ನೋದು ಬಡಿಯೋ ಸದ್ದು. ಏನೋ ಸಡ್ಲ ಆಗೈತಿ. ಉಜ್ಜೋದಕ್ಕ ನಡುವ ಮೆತ್ತಗಿಂದು ಏನಾದ್ರೂ ಬೇಕು, ಬಡಿಯೋದಕ್ಕ ಬಿಗಿ ಬೇಕು. ಕಾರು ಮಾಡೋ ದೊಡ್ಡ ಕಂಪನಿಯೊಳಗ ಈ ಸದ್ದಿಗಂತನ ಬ್ಯಾರೆ ಇಂಜಿನಿಯರ್ ಇರ್ತಾರ. ನಾಕೂ ಗಾಲಿ ಯಂತ್ರದ ಮ್ಯಾಲೆ ನಿಲ್ಲಿಸಿ ಗಾಡಿ ಅಲುಗಾಡಿಸಿ ಕೇಳತಾರ. ನಮ್ಗ ಯಂತ್ರ ಬ್ಯಾಡ, ಗಬ್ಬೂರು ರೋಡ ಸಾಕು.

ಮೊದಲನೇ ಕೆಲಸ, ಗಾಡಿ ಪೂರಾ ಖಾಲಿ ಮಾಡೋದು. ಡ್ಯಾಶ್‌ಬೋರ್ಡಿನ ಖಾನೆ, ಬಾಗಲದ ಜೇಬು, ಸೀಟಿನ ಬುಡ, ಡಿಕ್ಕಿ, ಸ್ಟೆಪ್ನಿ ಕೆಳಗಿನ ಗುಂಡಿ. ನಾ ಮಾಡಿದಾಗ ಒಂದು ಚಮಚ, ಎರಡು ಬಾಟ್ಲಿ ಮುಚ್ಚಳ, ಮಗನ ಮೂರು ಗೋಲಿ ಸಿಕ್ಕವು. ಎಡಕ್ಕ ತಿರುಗಿದ್ರ ಬಲಕ್ಕ ಉರುಳೋ ಸದ್ದಿಗೆ ಆರು ತಿಂಗಳು ಮನಿಯವ್ರು ಗಾಡೀನ ಬೈದಿದ್ರು, ಅದು ಗೋಲಿ. ಸ್ಟೆಪ್ನಿ ಬಿಗಿ ಮಾಡಿ, ಜಾಕು, ಪಾನಾ ಹಳೇ ಬಟ್ಟ್ಯಾಗ ಸುತ್ತಿ ಅವುಗಳ ಜಾಗಕ್ಕ ಇಡ್ರಿ. ಅರ್ಧ ಸದ್ದು ಇಲ್ಲೇ ಹೋಗತಾವ.

ಎರಡನೇದು, ಇಬ್ಬರು ಹೋಗ್ರಿ. ಒಬ್ಬರು ನಡಸಬೇಕು, ಒಬ್ಬರು ಕೇಳಬೇಕು. ಹಾಡು ಬಂದ್, ಎಸಿ ಬಂದ್, ಕಿಡಕಿ ಮುಚ್ಚಿ. ಒಂದ ರೋಡು, ಒಂದ ಸ್ಪೀಡು, ಎರಡು ಮೂರು ಸಲ. ಕೇಳೋರು ಅನುಮಾನ ಬಂದ ಜಾಗ ಅಂಗೈಲೆ ಒತ್ತಬೇಕು. ಒತ್ತಿದಾಗ ಸದ್ದು ನಿಂತ್ರ ಸಿಕ್ಕಂಗ. ಕಿವಿ ಮೋಸ ಮಾಡತೈತಿ, ಮುಂದ ಕೇಳಿದ್ದು ಹಿಂದ ಇರತೈತಿ, ಕೈ ಮೋಸ ಮಾಡೂದಿಲ್ಲ. ನಡಸೋರು ಮಾತ್ರ ಒತ್ತಾಕ ಹೋಗಬ್ಯಾಡ್ರಿ, ಅವ್ರ ಕಣ್ಣು ರೋಡಿನ ಮ್ಯಾಲ ಇರ್ಲಿ.

ನಮ್ಮ ಗಾಡ್ಯಾಗ ಸಿಕ್ಕಿದ್ದು ಹೇಳತೀನಿ, ನಿಮ್ಮಲ್ಲೂ ಇವ ಇರಬಹುದು. ಯಾರೂ ಕುಂದ್ರದ ಸೀಟಿನ ಬೆಲ್ಟಿನ ಕೊಂಡಿ ಪಕ್ಕದ ಪ್ಲಾಸ್ಟಿಕ್‌ಗೆ ಬಡೀತಿತ್ತು. ಸೀಟಿನ ತಲಿದಿಂಬಿನ ಸಲಾಕಿ ಅಳ್ಳಾಡ್ತಿತ್ತು. ಡಿಕ್ಕಿ ಮ್ಯಾಲಿನ ಹಲಗಿ ಕೂಡೋ ರಬ್ಬರ್ ಉದುರಿತ್ತು. ಗಾಡಿನ ಕಳಚಿ ಬೀಳತೈತೇನೋ ಅನಸಿದ್ದ ದೊಡ್ಡ ಸದ್ದು ಬರೇ ನಂಬರ್ ಪ್ಲೇಟಿನದು, ಹಿಂದ ಎರಡು ತುಂಡು ಸ್ಪಂಜು ಅಂಟಿಸಿದೆ, ಮುಗೀತು. ಬಾನೆಟ್ ಕೆಳಗಿನ ರಬ್ಬರ್ ಗುಬ್ಬಿ ಸಲ್ಪ ತಿರುವಿ ಎತ್ತರ ಮಾಡಿದ ಮ್ಯಾಲೆ ಮುಂದಿನ ಕಟಕಟ ನಿಂತ್ತು.

ತೀನ್ ಕಂದಿಲ್ ಕಡಿ ಹೋಗಿ ತಂದ ಸಾಮಾನು ಇಷ್ಟ: ಕುರ್ಚಿ ಕಾಲಿಗೆ ಹಚ್ಚೋ ಫೆಲ್ಟ್ ಬಿಲ್ಲಿ, ಬಟ್ಟಿ ಟೇಪು, ಒಂದು ಸಿಲಿಕಾನ್ ಸ್ಪ್ರೇ. ಸ್ಪಂಜು ಮನ್ಯಾಗಿತ್ತು, ಸೈಕಲ್ ಟ್ಯೂಬಿನ ತುಂಡು ಸೈಕಲ್ ಅಂಗಡಿಯವ್ರು ಪುಕ್ಕಟೆ ಕೊಟ್ರು. ಎಲ್ಲಾ ಸೇರಿ 400 ರೂಪಾಯಿ ಒಳಗ. ಬಾಗಲದ ರಬ್ಬರ್ ಒದ್ದಿ ಬಟ್ಟಿಲೆ ಒರಸಿ, ಒಣಗಿಸಿ, ಸ್ಪ್ರೇ ಬಟ್ಟಿಗೆ ಹೊಡದು ತೆಳ್ಳಗ ಸವರಬೇಕು. ಕೊಬ್ರಿ ಎಣ್ಣಿ, ಇಂಜಿನ್ ಆಯಿಲ್, ಗ್ರೀಸ್ ರಬ್ಬರ್‌ಗೆ ಹಚ್ಚಬ್ಯಾಡ್ರಿ. ಧೂಳಿ ಮೆತ್ತತೈತಿ, ಇಂಜಿನ್ ಆಯಿಲಿಗೆ ರಬ್ಬರ್ ಉಬ್ಬಿ ಕೆಡತೈತಿ. ಗ್ರೀಸ್ ಏನಿದ್ರೂ ಬಾಗಲದ ಕೀಲಿಗೆ, ಕಬ್ಬಿಣಕ್ಕ. ಬ್ರೇಕಿನ ಹತ್ರ ಸ್ಪ್ರೇ ಆಗ್ಲಿ ಎಣ್ಣಿ ಆಗ್ಲಿ ಹೋಗಬಾರದು.

ಇಷ್ಟು ಓದಿ ಕೆಲವರು, "ಮಿಸ್ತ್ರಿ ಇರೋದು ಯಾಕ?" ಅನ್ನಬಹುದು. ಮಿಸ್ತ್ರಿ ಮ್ಯಾಲೆ ನನಗ ಸಿಟ್ಟಿಲ್ಲ. ನಾ ಕೊಟ್ಟಾಗ ನಮ್ಮ ಮಿಸ್ತ್ರಿ ಎರಡು ಸುತ್ತು ಹೊಡದು ಬಂದು, "ಅಕ್ಕಾರ, ಏನೂ ಸದ್ದಿಲ್ರಿ" ಅಂದ. ಸುಳ್ಳು ಹೇಳಲಿಲ್ಲ. ಸದ್ದು ಬರೋದು ಮಧ್ಯಾಹ್ನ ಬಿಸಲಾಗ, ಕೆಟ್ಟ ರೋಡಿನ್ಯಾಗ, ಹಿಂದ ಇಬ್ಬರು ಕುಂತಾಗ. ಅವ ಹೋಗಿದ್ದು ಮುಂಜಾನಿ, ಒಬ್ಬನ, ಚಲೋ ರೋಡಿಗೆ. ಅವಗ ಹತ್ತು ಗಾಡಿ, ನಮ್ಗ ಒಂದ. ಸದ್ದು ಹುಡುಕಾಕ ಬೇಕಾಗೋದು ಪಾನಾಕ್ಕಿಂತ ಪುರುಸೊತ್ತು. ಅದಕ್ಕಂತ ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಿಸಾಕ ಹೋಗಬ್ಯಾಡ್ರಿ, ಕ್ಲಿಪ್ ಮುರದು ಒಂದು ಸದ್ದಿನ ಜಾಗಕ್ಕ ನಾಕು ಬರತಾವ.

ಆದ್ರ ನಾವು ಕೈ ಹಚ್ಚಬಾರದ ಸದ್ದು ಅದಾವ, ಅವನ್ನ ಗುರ್ತು ಹಿಡಿಯೋದ ಈ ಎಲ್ಲಾ ಕೆಲಸದ ಫಲ. ಬ್ರೇಕ್ ಒತ್ತಿದಾಗ ಕಬ್ಬಿಣ ಕಬ್ಬಿಣಕ್ಕ ತೀಡಿದಂಗ ಸದ್ದು. ಸ್ಟೇರಿಂಗ್ ಪೂರಾ ತಿರುವಿದಾಗ ಗಾಲಿ ಕಡಿ ಕಟ್ ಕಟ್. ಸ್ಪೀಡು ಏರಿದಂಗ ಏರೋ ಗುಂಯ್ ಅನ್ನೋ ಸದ್ದು, ಅದು ಬೇರಿಂಗ್ ಇರಬಹುದು. ಗುಂಡಿ ಇಳದಾಗೆಲ್ಲ ಧಡ್ ಅನ್ನೋದು. ಇವಕ್ಕ ಸ್ಪಂಜು, ಟೇಪು ನಡಿಯೂದಿಲ್ಲ, ಅವತ್ತ ಮಿಸ್ತ್ರಿ ಹತ್ರ ಹೋಗ್ರಿ. ಬರೇ ಜಾಕಿನ ಮ್ಯಾಲೆ ನಿಂತ ಗಾಡಿ ಕೆಳಗ ಯಾರೂ ತಲಿ ಹಾಕಬ್ಯಾಡ್ರಿ. ಏರ್‌ಬ್ಯಾಗ್ ಅಂತ ಬರದ ಜಾಗ ಬಿಚ್ಚಬ್ಯಾಡ್ರಿ, ಅದರ ಸಂದಿಗೆ ಏನೂ ತುರುಕಬ್ಯಾಡ್ರಿ.

ನಮ್ಮ ಗಾಡಿ ಈಗ ಪೂರಾ ಸುಮ್ಮನಾಗೈತಿ ಅಂತ ಹೇಳೂದಿಲ್ಲ. ಡ್ಯಾಶ್‌ಬೋರ್ಡಿನ ಒಂದು ಕಿರ್ ಉಳದೈತಿ, ಬ್ಯಾಸಗಿಗೆ ಬರತೈತಿ, ಮಳಿ ಬಿದ್ರ ಹೋಗತೈತಿ. ಅದು ನಮ್ಗ ಗುರ್ತಿನ ಸದ್ದು. ಹೋದ ತಿಂಗಳು ದೇವದುರ್ಗದಿಂದ ಬರೋವಾಗ ಬ್ರೇಕ್ ಹಾಕಿದ್ರ ಸಣ್ಣಗ ಒಂದು ಹೊಸಾ ಸದ್ದು ಕೇಳ್ತು. ಮೊದಲಿನ ಗದ್ದಲದಾಗ ಅದು ಖಂಡಿತ ಕೇಳಸ್ತಿದ್ದಿಲ್ಲ. ಮರುದಿನ ತೋರಿಸಿದ್ರ ಬ್ರೇಕ್ ಪ್ಯಾಡ್ ತಳ ಮುಟ್ಟಾಕ ಬಂದಿತ್ತು. ಮನಿಯವ್ರು ಏನೂ ಅನಲಿಲ್ಲ, ಆದ್ರ ಈಗ ಗಾಡಿ ಚಾಲೂ ಮಾಡಿ ಮೊದಲ ಎರಡು ಕಿಲೋಮೀಟರ್ ಹಾಡು ಹಚ್ಚೂದಿಲ್ಲ.

ಬರೋ ರವಿವಾರ ಒಂದು ತಾಸು ತಗೊಂಡು ಗಾಡಿ ಖಾಲಿ ಮಾಡ್ರಿ. ಮತ್ತ ಗಾಲಿ ಬಿಚ್ಚಿಸಿ ಹಾಕಿಸಿದ ದಿನ ನಿಂತು ನಟ್ ನೋಡ್ರಿ, 50 ಕಿಲೋಮೀಟರ್ ಓಡಿದ ಮ್ಯಾಲೆ ಇನ್ನೊಮ್ಮೆ ಪಾನಾ ಹಾಕಿ ನೋಡ್ರಿ. ಹಿಂದಿನ ಸೀಟಿನ್ಯಾಗ ನಮ್ಮ ಅವ್ವ ಕುಂತಿದ್ಲು, ಹೇಳಿದ್ಲು. ಎಲ್ಲಾರ ಗಾಡ್ಯಾಗೂ ಅವ್ವ ಇರೂದಿಲ್ಲ.